ಕೆಂಪಣ್ಣನ ಸಾಲ್ಮನ್ನೂ ಇಪ್ಪತ್ತೊಂಬತ್ತನೆಯ ಉಪವಾಸವೂ

ಕೆಂಪಣ್ಣ ಹಿಡಿಯಬೇಕಾಗಿದ್ದ ಸಾಲ್ಮನ್ ಮೀನು ಸ್ವೀಡನ್ ದೇಶದ ಸಮುದ್ರದಂಥ ಸರೋವರವೊಂದರಲ್ಲಿತ್ತು. ಅದನ್ನು ಹಿಡಿಯಲು ಅಪ್ಪಣೆ ಕೊಡಬೇಕಾದ ಚಂದ್ರ ಮಾತ್ರ ಮಸ್ಕತ್ತಿನ ಆಕಾಶದಲ್ಲಿದ್ದ. ಹೀಗಾಗಿ ಆ ಶನಿವಾರ ಬೆಳಿಗ್ಗೆಯಿಂದ ಕೆಂಪಣ್ಣನಿಗೆ ಎರಡೇ ಕೆಲಸ. ಒಮ್ಮೆ ಗಾಳ ನೋಡುವುದು, ಒಮ್ಮೆ ಆಕಾಶ ನೋಡುವುದು.

ಅಂದು ರಂಜಾನಿನ ಇಪ್ಪತ್ತೊಂಬತ್ತನೆಯ ಉಪವಾಸ. ಸಂಜೆ ಚಂದ್ರ ಕಂಡರೆ ಮರುದಿನವೇ ಈದ್, ಬುಧವಾರ ಬೆಳಿಗ್ಗೆ ಡ್ಯೂಟಿ. ಕಾಣದಿದ್ದರೆ ಈದ್ ಸೋಮವಾರ, ರಜೆ ಗುರುವಾರದವರೆಗೆ, ಅದರ ಬಾಲಕ್ಕೆ ಶುಕ್ರ ಶನಿವಾರದ ಮಾಮೂಲಿ ರಜೆ. ಎರಡರಲ್ಲೂ ರಜೆ ಶುರುವಾಗುವುದು ಭಾನುವಾರವೇ. ಕಂಪೆನಿಯ ಸುತ್ತೋಲೆ ಹಾಗೆ ಹೇಳಿತ್ತು. ಕೆಂಪಣ್ಣ ತನಗೂ ಹೆಂಡತಿಗೂ ದುಡ್ಡು ಕಟ್ಟಿದ್ದ ಸರೋವರದ ಪ್ರವಾಸವೋ, ಭಾನುವಾರ ನಸುಕಿಗೆ ಹೊರಟು ಮುಂದಿನ ಶನಿವಾರ ಮರಳುವಂಥದು. ಅಂದರೆ ಚಂದ್ರ ಕಾಣಕೂಡದು.

ಕೆಂಪಣ್ಣ ಮಸ್ಕತ್ತಿನ ಖುರುಮ್‌ನ ಕಚೇರಿ ಕಟ್ಟಡವೊಂದರ ಎ.ಸಿ., ಲಿಫ್ಟುಗಳ ಸೂಪರ್‌ವೈಸರ್. ಹತ್ತೊಂಬತ್ತು ವರ್ಷ ಪರರಿಗೆ ತಂಪು ಒದಗಿಸಿ ತಾನು ಬೆವೆತಿದ್ದ. ಸಿಕ್ಕ ರಜೆಯೆಲ್ಲ ಮೈಸೂರಿನ ನೆಂಟರ ಮದುವೆ, ನಾಮಕರಣ, ಗೃಹಪ್ರವೇಶಗಳಲ್ಲಿ ಕರಗಿತ್ತು. ಒಮ್ಮೆಯಾದರೂ ತಣ್ಣನೆಯ ನೀರಿನ ನಡುವೆ ದೋಣಿಯಲ್ಲಿ ಕೂತು, ಕೈಯಾರೆ ಒಂದು ದೊಡ್ಡ ಮೀನು ಹಿಡಿಯಬೇಕೆಂಬ ಆಸೆ ಅವನನ್ನು ಒಳಗೊಳಗೇ ಕೊರೆಯುತ್ತಿತ್ತು. ಎರಡು ದಿನ ಹೆಚ್ಚಿಗೆ ರಜೆ ಕೊಡಿ ಸಾರ್ ಎಂದು ಮಂಗಳೂರಿನವರಾದ ಮ್ಯಾನೇಜರ್ ಸ್ಯಾವಿಯೋ ಅವರ ಮುಂದೆ ಕೈ ಹೊಸೆದಿದ್ದೂ ಆಗಿತ್ತು.

"ಎರಡು ದಿನ ಬಿಡು ಮಾರಾಯ, ಎರಡು ಗಂಟೆ ಸಹ ಇಲ್ಲ" ಎಂದಿದ್ದರು ಅವರು. "ಎ.ಸಿ. ಚಿಲ್ಲರ್ ಕೆಟ್ಟರೆ ನಿನ್ನ ಮೀನು ಬರ್ತದಾ ರಿಪೇರಿಗೆ?"

ಆದರೂ ತಯಾರಿಗೇನೂ ಕಮ್ಮಿಯಿರಲಿಲ್ಲ. ಸರೋವರದ ದಂಡೆಯಲ್ಲಿ ಟೆಂಟಿನ ವಾಸ, ಹೊರಗೆ ಮೂರು ಡಿಗ್ರಿ ಎಂದು ಕೇಳಿದ ದಿನದಿಂದ ಅಲ್ ಹೈಲ್‌ನ ಫ್ಲಾಟಿನ ಹಾಲ್‌ನಲ್ಲೇ ಟೆಂಟ್ ಕಟ್ಟಿ, ಎ.ಸಿ.ಯನ್ನು ಹದಿನಾರಕ್ಕಿಟ್ಟು, ಹೆಂಡತಿಯೊಂದಿಗೆ ಅದರೊಳಗೆ ಮಲಗಿ ಅಭ್ಯಾಸ ಮಾಡಿದ್ದ.

"ರೀ, ಮೂಗು ಬಿದ್ದೋಗ್ತಿದೆ" ಎಂದಳು ವೇದಾವತಿ ಕಂಬಳಿಯೊಳಗಿಂದ. "ಮೀನು ಅಂಗಡೀಲೂ ಸಿಗುತ್ತಲ್ವಾ?"

"ಅದು ಯಾರೋ ಹಿಡಿದಿದ್ದು ಕಣೇ. ಇದು ನಾನು ಹಿಡಿಯೋದು."

ಆ ಶನಿವಾರ ಹನ್ನೊಂದು ಗಂಟೆಗೆ ಕೆಂಪಣ್ಣ ಮೂರನೆಯ ಮಹಡಿಯ ಬಾಲ್ಕನಿಯಲ್ಲಿ ನಿಂತು ಗಾಳ ಬೀಸುವ ಅಭ್ಯಾಸಕ್ಕೆ ಇಳಿದ. ಸುಮ್ಮನಿದ್ದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಗಾಳ ಸುಯ್ಯೆಂದು ಹೋಗಿ ಕೆಳಗೆಲ್ಲೋ ಕಚ್ಚಿಕೊಂಡಿತು. ಎಳೆದರೆ ಆ ಕಡೆಯಿಂದಲೂ ಎಳೆತ.

"ವೇದಾ, ಎಳೀತಾ ಇದೆ ಕಣೇ! ಭಾರೀ ಜೋರಾಗಿದೆ!"

ಎಳೆಯುತ್ತಿದ್ದವನು ಎರಡನೆಯ ಮಹಡಿಯ ಹಕೀಂ. ರೂವಿಯಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ಆತ, ಒಣಗಲು ಹಾಕಿದ್ದ ಹೊಸ ಅಂಗಿ ತಾನಾಗಿ ಮೇಲೇರುವುದನ್ನು ಕಂಡು ಅದರ ತೋಳು ಹಿಡಿದು ಜಗ್ಗುತ್ತಿದ್ದ. ಎರಡೇ ನಿಮಿಷದಲ್ಲಿ ಹರಿದ ಅಂಗಿಯೊಂದಿಗೆ ಬಾಗಿಲಿಗೆ ಬಂದ.

"ಎಂಥ ಕೆಂಪಣ್ಣರೇ ಇದು? ಹಬ್ಬದ ಅಂಗಿ!"

ಕೆಂಪಣ್ಣ ಕ್ಷಮೆ ಕೇಳಿದ, ಹೊಸದು ಕೊಡಿಸುತ್ತೇನೆಂದ. ಹಕೀಂನ ಕಣ್ಣು ಮಾತ್ರ ತೆರೆದಿದ್ದ ಸೂಟ್‌ಕೇಸಿನ ಮೇಲಿದ್ದ ಬೈನಾಕ್ಯುಲರ್ ಮೇಲೆ ನೆಟ್ಟಿತ್ತು.

"ಅಂಗಡಿಯವನಿಗೆ ಅಂಗಿ ಕೊಡಿಸ್ತೀರಾ? ಬೇಡ. ಸಂಜೆ ಇದನ್ನು ತಕ್ಕೊಂಡು ಟೆರೇಸಿಗೆ ಬನ್ನಿ. ಚಂದ್ರ ನೋಡ್ಲಿಕ್ಕೆ ಉಂಟಲ್ಲ. ಅದೇ ದಂಡ."

"ಅದು... ಅದರ ಗಾಜು ಸರಿಯಿಲ್ಲ ಹಕೀಂ ಭಾಯ್" ಎಂದ ಕೆಂಪಣ್ಣ.

"ಅಯ್ಯೋ, ನಿನ್ನೆ ತಾನೆ ಎದುರು ಬಿಲ್ಡಿಂಗ್‌ನವರ ಟೀವಿ ಪೂರ್ತಿ ನೋಡಿದ್ರಲ್ರೀ!" ಎಂದಳು ವೇದಾವತಿ. ಅಷ್ಟಕ್ಕೆ ಮುಗಿಯಿತು.

ಮಧ್ಯಾಹ್ನ ರೂವಿಯ ಟ್ರಾವೆಲ್ ಏಜೆಂಟ್ ಮಹ್ರೂಫ್ ಫೋನ್ ಮಾಡಿದ. "ಏಳು ಗಂಟೆ ಒಳಗೆ ಬೇಡ ಅಂದ್ರೆ ದುಡ್ಡು ವಾಪಸ್. ಏಳರ ಮೇಲೆ ಖಲಾಸ್. ವೀಸಾ ಇರುವ ಪಾರ್ಟಿ ಒಂದು ವೇಟಿಂಗಲ್ಲಿ ಉಂಟು, ನೆನಪಿರಲಿ."

ಸಂಜೆ ಟೆರೇಸಿನ ತುಂಬ ಜನ. ಇಫ್ತಾರಿನ ಖರ್ಜೂರ ಬಾಯಲ್ಲಿರುವಂತೆಯೇ ಎಲ್ಲರ ಮುಖವೂ ಪಡುವಣಕ್ಕೆ. ಬೈನಾಕ್ಯುಲರ್ ಕೈಯಿಂದ ಕೈಗೆ ಹೋಯಿತು. ಯಾರಿಗೂ ಏನೂ ಕಾಣಲಿಲ್ಲ. ಕೆಂಪಣ್ಣನಿಗೆ ಆಗಲೇ ಸರೋವರದ ತಂಗಾಳಿ ಮುಖಕ್ಕೆ ಹೊಡೆದಂತಾಯಿತು. ಆಗ, ಊರಿನಿಂದ ಬಂದಿದ್ದ ಹಕೀಂನ ತಾಯಿ ಅಮೀನತ್, ಕುರ್ಚಿಯಲ್ಲಿ ಕೂತಲ್ಲಿಂದಲೇ ಹೇಳಿದರು:

"ಅದನ್ನು ಕೆಂಪಣ್ಣನಿಗೆ ಕೊಡಿ. ಅವನಿಗೆ ಉಪವಾಸ ಇಲ್ಲ, ಹಬ್ಬ ಬೇಗ ಬರ್ಲಿ ಅಂತ ಅವಸರ ಇಲ್ಲ. ಇದ್ದದ್ದು ಇದ್ದ ಹಾಗೆ ಹೇಳ್ತಾನೆ."

ಇಡೀ ಮಸ್ಕತ್ತಿನಲ್ಲಿ ಆ ಸಂಜೆ ಚಂದ್ರನ ವಿಷಯದಲ್ಲಿ ಅವನಷ್ಟು ಸ್ವಾರ್ಥಿ ಇನ್ನೊಬ್ಬನಿರಲಿಲ್ಲ. ಕೆಂಪಣ್ಣ ಬೈನಾಕ್ಯುಲರ್ ಕಣ್ಣಿಗಿಟ್ಟು, ಅದರ ಹಿಂದೆ ಎರಡೂ ಕಣ್ಣುಗಳನ್ನು ಗಟ್ಟಿಯಾಗಿ ಮುಚ್ಚಿಕೊಂಡ.

"ಇಲ್ಲಮ್ಮಾ. ಏನೂ ಕಾಣ್ತಾ ಇಲ್ಲ."

ಮುದುಕಿ ಎದ್ದು ಬಂದು ಅವನ ತೋಳು ಹಿಡಿದರು. "ನನ್ನ ಕಣ್ಣು ಮಂದ ಮಗಾ. ನೀನೇ ನನ್ನ ಕಣ್ಣು ಅಂತ ತಿಳ್ಕೊಂಡು ಸರೀ ನೋಡು."

ಇಂಥ ಮಾತಿಗೆ ಯಾವ ಗಂಡಸು ಕಣ್ಣು ಮುಚ್ಚಿಕೊಂಡಿರಬಲ್ಲ? ಕೆಂಪಣ್ಣ ಒಂದು ಕಣ್ಣು ತೆರೆದ. ದೂರದ ಕಟ್ಟಡದ ನೆತ್ತಿಯ ಮೇಲೆ, ಕತ್ತರಿಸಿ ಎಸೆದ ಉಗುರಿನಷ್ಟು ತೆಳ್ಳಗೆ, ಬೆಳ್ಳಗೆ, ಬಾಗಿದ ಗೆರೆಯೊಂದು ಹೊಳೆಯುತ್ತಿತ್ತು. ಹೇಳದಿದ್ದರೆ ಸಾಲ್ಮನ್, ಹೇಳಿದರೆ ಬುಧವಾರದ ಡ್ಯೂಟಿ. ತೋಳಿನ ಮೇಲಿದ್ದ ಮುದುಕಿಯ ಕೈ ಹಿಡಿತ ಬಿಟ್ಟಿರಲಿಲ್ಲ.

"ಕಾಣ್ತಾ ಇದೆ ಅಮ್ಮಾ" ಎಂದ ಕೆಂಪಣ್ಣ, ಅಳು ಬರುವ ದನಿಯಲ್ಲಿ.

ಟೆರೇಸಿನಲ್ಲಿ ಒಮ್ಮೆಲೇ ಗದ್ದಲವಾಯಿತು. ಎಲ್ಲರೂ ಬೈನಾಕ್ಯುಲರ್ ಕಿತ್ತುಕೊಂಡು ನೋಡಿದರು. ಎಲ್ಲರಿಗೂ ಕಂಡಿತು. ಹಕೀಂ ಅವನನ್ನು ಎತ್ತಿ ಕುಣಿಸಿದ. ಅಮೀನತ್ ಅವನ ತಲೆ ಸವರಿ, "ನಿನ್ನ ಬಾಯಿಂದ ಒಳ್ಳೇ ಸುದ್ದಿ ಬಂತು, ನಿನ್ನ ಆಸೆಯೆಲ್ಲ ಈಡೇರ್ಲಿ" ಎಂದು ಹರಸಿದರು. ಈಡೇರಬೇಕಾದ ಆಸೆಗೆ ಏಳು ಗಂಟೆಯ ಗಡುವು ಇತ್ತು. ಕೆಂಪಣ್ಣ ಮೆಟ್ಟಿಲ ಮೂಲೆಗೆ ಸರಿದು ಮಹ್ರೂಫ್‌ಗೆ ಫೋನ್ ಮಾಡಿ, "ನಮ್ಮ ಎರಡೂ ಸೀಟು ಕ್ಯಾನ್ಸಲ್ ಮಾಡಪ್ಪ" ಎಂದ. ಆಗ ಏಳಕ್ಕೆ ಎರಡೇ ನಿಮಿಷವಿತ್ತು.

ಹಕೀಂನ ಮನೆಯಲ್ಲಿ ಎಲ್ಲರೂ ಟೀವಿಯ ಮುಂದೆ ಕೂತು ಪಾಯಸ ತಿನ್ನುತ್ತಿರುವಾಗ ಅಧಿಕೃತ ಪ್ರಕಟಣೆ ಬಂತು. ದೇಶದಲ್ಲಿ ಎಲ್ಲೂ ಚಂದ್ರದರ್ಶನವಾಗಿಲ್ಲ. ಈದ್ ಸೋಮವಾರ.

ಬಾಯಲ್ಲಿದ್ದ ಪಾಯಸ ಎಲ್ಲರಿಗೂ ಅಲ್ಲೇ ನಿಂತಿತು. ಹಕೀಂ ಬೈನಾಕ್ಯುಲರ್ ಹಿಡಿದು ಟೆರೇಸಿಗೆ ಓಡಿದ, ಹಿಂದೆ ಎಲ್ಲರೂ ಓಡಿದರು. ಚಂದ್ರ ಅಲ್ಲೇ ಇದ್ದ. ಒಂದು ಗಂಟೆಯಾದರೂ ಒಂದಿಂಚೂ ಕದಲಿರಲಿಲ್ಲ. ಕತ್ತಲಾದ ಮೇಲೆ ಅವನ ಮೈ ಪೂರ್ತಿ ಕಂಡಿತು. ಅದು ಮಬ್ಬಾಗುವಾಗ ಪಕ್ಕದಲ್ಲಿ ಹೊತ್ತಿಕೊಂಡ ಬಲ್ಬಿಗೆ ಹೊಳೆಯುತ್ತಿದ್ದ ಡಿಶ್ ಆಂಟೆನಾದ ಅಂಚು.

ಎಲ್ಲರೂ ಕೆಂಪಣ್ಣನನ್ನು ನೋಡಿದರು. ಅಮೀನತ್ ಮಾತ್ರ ಹೊಟ್ಟೆ ಹಿಡಿದು ನಕ್ಕರು. "ಇನ್ನೊಂದು ಉಪವಾಸ ನನಗೆಂಥ ಭಾರವಾ? ನೀನು ಬೇಜಾರು ಮಾಡ್ಬೇಡ ಮಗಾ."

ಕೆಂಪಣ್ಣ ಬೇಜಾರು ಮಾಡುವ ಸ್ಥಿತಿಯಲ್ಲಿರಲಿಲ್ಲ. ರಜೆ ಗುರುವಾರದವರೆಗೆ! ಅಲ್ಲಿಂದಲೇ ಮಹ್ರೂಫ್‌ನ ನಂಬರ್ ಒತ್ತಿದ.

"ಖಲಾಸ್ ಕೆಂಪಣ್ಣರೇ. ನೀವು ಫೋನ್ ಇಟ್ಟದ್ದೇ ಇಟ್ಟದ್ದು, ವೇಟಿಂಗಿನವರು ಎರಡೂ ಸೀಟು ತಕ್ಕೊಂಡ್ರು."

ಫೋನ್ ಕಿಸೆಗೆ ಇಳಿಸುವಷ್ಟರಲ್ಲಿ ಮತ್ತೆ ಬಡಿದುಕೊಂಡಿತು. ಮ್ಯಾನೇಜರ್ ಸ್ಯಾವಿಯೋ.

"ಕೆಂಪಣ್ಣಾ, ನಿನಗೆ ಪುಣ್ಯ ಬರ್ಲಿ ಮಾರಾಯ! ನಾನೂ ಹೆಂಡತಿ ಆಗ್ನೆಸೂ ನಾಳೆ ಬೆಳಿಗ್ಗೆ ಸ್ವೀಡನ್‌ಗೆ. ಕೊನೇ ಗಳಿಗೆಯಲ್ಲಿ ನೀನು ಬಿಟ್ಟ ಸೀಟು ಸಿಕ್ಕಿತು. ಮತ್ತೆ ಹೇಗೂ ನೀನು ಇಲ್ಲೇ ಇರ್ತಿಯಲ್ಲ? ರಜೆ ಉದ್ದ ಆಯ್ತು ಅಂತ ಹುಡುಗರೆಲ್ಲ ಊರಿಗೆ ಹೊರಟಿದ್ದಾರೆ. ಚಿಲ್ಲರ್ ನೋಡ್ಲಿಕ್ಕೆ ಒಬ್ಬ ಬೇಕೇ ಬೇಕು. ನಾಳೆಯಿಂದ ಶನಿವಾರದ ತನಕ ನೀನೇ ಡ್ಯೂಟಿ."

"ಆಯ್ತು ಸಾರ್" ಎಂದ ಕೆಂಪಣ್ಣ.

"ಮತ್ತೊಂದು ಡೌಟು. ನನಗೆ ಈ ಮೀನಿನ ವಿಷಯ ಏನೂ ಗೊತ್ತಿಲ್ಲ. ಆ ಸಾಲ್ಮನ್ ಹಿಡೀಲಿಕ್ಕೆ ಯಾವ ಗಾಳ ಆಗ್ತದೆ?"

ಕೆಂಪಣ್ಣ ಮೆಟ್ಟಿಲ ಮೇಲೆ ಕೂತು, ಗಾಳದ ಅಳತೆ, ದಾರದ ದಪ್ಪ, ಮೀನು ಕಚ್ಚಿದಾಗ ಎಷ್ಟು ಎಣಿಸಿ ಎಳೆಯಬೇಕು, ಎಲ್ಲವನ್ನೂ ಒಂದೂ ಬಿಡದೆ, ಅರ್ಧ ಗಂಟೆ ವಿವರಿಸಿದ.