ಕಂಬದ ಹಿಂದಿನ ಹೆಬ್ಬೆರಳು

ನಾನು ಪುಕ್ಕಲ. ಹೇಳಿಕೊಳ್ಳಲು ನಾಚಿಕೆಯೇನೂ ಇಲ್ಲ, ಏಕೆಂದರೆ ಇದು ಗೊತ್ತಿಲ್ಲದವರು ನಮ್ಮ ಕಡೆ ಯಾರೂ ಉಳಿದಿಲ್ಲ. ಕುಕ್ಕರು ಮೂರನೇ ಸಲ ಕೂಗುವ ಹೊತ್ತಿಗೆ ನಾನು ಹಿತ್ತಿಲಲ್ಲಿರುತ್ತೇನೆ. ದೀಪಾವಳಿಯಲ್ಲಿ ಯಾರಾದರೂ ಸುರುಸುರುಬತ್ತಿ ಹಚ್ಚಿದರೂ ಸಾಕು, ನನಗೆ ಕೊಟ್ಟಿಗೆಯಲ್ಲಿ ತುರ್ತು ಕೆಲಸ ನೆನಪಾಗುತ್ತದೆ. ಇಂಥವನನ್ನು ಭೇರ್ಯದ ಹತ್ತಿರದ ಏತ ನೀರಾವರಿ ಪಂಪ್‌ಹೌಸಿನಲ್ಲಿ ಹಿರಿಯ ಫಿಟ್ಟರ್ ಎಂದು ಕೂರಿಸಿದ್ದಾರೆ. ನಿಮ್ಮನ್ನು ಹುಡುಕಿ ಹುಡುಕಿಯೇ ಆರಿಸಿರಬೇಕು ಎಂದು ನನ್ನ ಹೆಂಡತಿ ಹೇಳುತ್ತಾಳೆ.

ಮೊದಲು ಪಂಪಿನ ದೊಡ್ಡ ನಟ್ಟುಗಳನ್ನು ಬಿಗಿ ಮಾಡಲು ಸ್ಪ್ಯಾನರಿಗೆ ಉದ್ದನೆಯ ಪೈಪು ಸಿಕ್ಕಿಸಿ ನಾಲ್ಕು ಜನ ಜಗ್ಗುತ್ತಿದ್ದೆವು. ದಾರಿಯಲ್ಲಿ ಹೋಗುವವರೂ ಬಂದು ಒಂದು ಕೈ ಹಾಕುತ್ತಿದ್ದರು. ಸುಮ್ಮನೆ ನಿಂತು ನೋಡುವುದು ನಮ್ಮ ಕಡೆ ಮರ್ಯಾದೆಯಲ್ಲ. ಆಮೇಲೆ ಹೈಡ್ರಾಲಿಕ್ ಟಾರ್ಕ್ ರೆಂಚ್ ಬಂತು. ಎಣ್ಣೆಯ ಒತ್ತಡದಿಂದ ತಾನೇ ನಟ್ಟು ತಿರುಗಿಸುವ ಯಂತ್ರ ಅದು. ಅದಕ್ಕೊಂದು ಕಬ್ಬಿಣದ ತೋಳು. ಗುಂಡಿ ಒತ್ತಿದೊಡನೆ ಆ ತೋಳು ಪಕ್ಕದ ನಟ್ಟಿಗೆ ಹೋಗಿ ಆತುಕೊಳ್ಳುತ್ತದೆ. ನಡುವೆ ಬೆರಳಿದ್ದರೆ, ಆಮೇಲೆ ಬೆರಳಿರುವುದಿಲ್ಲ. ಕಲಿಸಲು ಮೈಸೂರಿನಿಂದ ಬಂದಿದ್ದವರು, ಯಂತ್ರವನ್ನು ನಟ್ಟಿನ ಮೇಲೆ ಕೂರಿಸುವವನ ಬಳಿಯೇ ರಿಮೋಟು ಇರಬೇಕು, ಎರಡೂ ಕೈ ಈಚೆಗೆ ತೆಗೆದ ಮೇಲೆಯೇ ಗುಂಡಿ ಒತ್ತಬೇಕು ಎಂದು ಮೂರು ಸಲ ಹೇಳಿದರು. ಆಮೇಲೆ ಯಾರದೋ ಕೈಯ ಫೋಟೋ ತೋರಿಸಿದರು. ಅಲ್ಲಿಂದಾಚೆಗೆ ಅವರು ಹೇಳಿದ್ದೊಂದೂ ನನ್ನ ತಲೆಗೆ ಹೋಗಲಿಲ್ಲ. ಎರಡು ದಿನ ಅನ್ನ ಕಲಸುವಾಗಲೆಲ್ಲ ಬೆರಳು ನೋಡಿಕೊಂಡೆ.

ಭಯ ಬಿದ್ದವನ ತಲೆ ಬಹಳ ಚುರುಕಾಗಿ ಓಡುತ್ತದೆ, ಆದರೆ ತನ್ನ ಕಡೆಗೆ ಮಾತ್ರ. ರಿಮೋಟಿನ ವೈರು ಉದ್ದವಿತ್ತು. ಅದನ್ನು ಹಿಡಿದುಕೊಂಡು ನಾನು ಕಂಬದ ಹಿಂದೆ ಹೋಗಿ ನಿಂತೆ. ಯಂತ್ರ ಕೂರಿಸುವ ಕೆಲಸವನ್ನು ನನ್ನ ಜೊತೆಯ ಹೆಲ್ಪರ್ ಕಾಳಣ್ಣನಿಗೆ ಬಿಟ್ಟೆ. ಕಾಳಣ್ಣ ಎಚ್.ಡಿ. ಕೋಟೆ ಕಡೆಯ ಕಾಡಂಚಿನ ಹಾಡಿಯವನು, ಹೆಚ್ಚುಕಡಿಮೆ ನನ್ನ ವಯಸ್ಸಿನವನೇ, ಮಾತು ಕಡಿಮೆ. ಅವನು ಯಂತ್ರ ಕೂರಿಸಿ ಕೈ ಎತ್ತಬೇಕು, ನಾನು ಇಣುಕಿ ನೋಡಿ ಒತ್ತಬೇಕು. ಇದಕ್ಕೆ ನಾನು ಸುರಕ್ಷತೆ ಎಂದು ಹೆಸರಿಟ್ಟಿದ್ದೆ. ಅಷ್ಟು ಸಾಲದೆಂದು ಒಂದು ಶುಕ್ರವಾರ ಬೆಳಿಗ್ಗೆ ಯಂತ್ರಕ್ಕೆ ಕುಂಕುಮವಿಟ್ಟು ಚೆಂಡುಹೂವಿನ ಮಾಲೆಯನ್ನೂ ಹಾಕಿದೆ.

ಆ ಶುಕ್ರವಾರ ಕಾಳಣ್ಣ ಕೈ ಎತ್ತಿದ. ನಾನು ನೋಡಿದೆ, ಎಂದಿನಂತೆ ಕಣ್ಣು ಮುಚ್ಚಿದೆ, ಮನೆದೇವರನ್ನು ನೆನೆದೆ. ದೇವರ ಹೆಸರು ಸ್ವಲ್ಪ ಉದ್ದ. ಅಷ್ಟರಲ್ಲಿ ಮಾಲೆಯ ಒಂದು ಹೂವು ತೋಳಿನ ಸಂದಿಗೆ ಜಾರಿದ್ದು ಕಾಳಣ್ಣನ ಕಣ್ಣಿಗೆ ಬಿದ್ದಿದೆ. ಪೂಜೆಯ ಹೂವು ಜಜ್ಜಿಹೋಗಬಾರದೆಂದು ಅವನು ಬಗ್ಗಿ ಬೆರಳು ಹಾಕಿದ್ದಾನೆ. ನಾನು ಗುಂಡಿ ಒತ್ತಿದೆ.

ಕಬ್ಬಿಣ ಕಬ್ಬಿಣಕ್ಕೆ ಬಡಿದ ಸದ್ದು ಬಂತು. ಜೊತೆಗೆ ಕಾಳಣ್ಣನ "ಅಯ್ಯೋ". ಕಣ್ಣು ಬಿಡಲು ಧೈರ್ಯ ಬರಲಿಲ್ಲ. ಅವನ ಹೆಂಡತಿಗೆ ಏನು ಹೇಳಲಿ, ಬೆರಳನ್ನು ಯಾವುದರಲ್ಲಿ ಸುತ್ತಿ ಆಸ್ಪತ್ರೆಗೆ ಒಯ್ಯಲಿ ಎಂದೆಲ್ಲ ಕಂಬಕ್ಕೆ ಹಣೆಯೊತ್ತಿಕೊಂಡೇ ಯೋಚಿಸಿದೆ. ಕೊನೆಗೆ ಇಣುಕಿದರೆ ಹೂವು ಕಾಗದದ ಹಾಗೆ ಚಪ್ಪಟೆಯಾಗಿತ್ತು. ಕಾಳಣ್ಣ ಬೆರಳುಗಳನ್ನು ಒಂದೊಂದಾಗಿ ಮಡಚಿ ಬಿಡಿಸುತ್ತಿದ್ದ. ಹತ್ತೂ ಇದ್ದವು. ಒಂದರ ಉಗುರಿಗೆ ಚೆಂಡುಹೂವಿನ ಅರಿಶಿನ ಬಣ್ಣ ಹತ್ತಿತ್ತು.

ಅವನು ಬೈಯುತ್ತಾನೆ ಎಂದುಕೊಂಡೆ, ಬೈದಿದ್ದರೆ ಚೆನ್ನಾಗಿತ್ತು. ಕಂಬದ ಹಿಂದಕ್ಕೇ ಬಂದು ಪಕ್ಕದಲ್ಲಿ ನಿಂತುಕೊಂಡ. "ಜೇನು ಕೀಳಕ್ಕೆ ನಮ್ಮಪ್ಪ ಮರ ಅತ್ತಿದ್ರೆ, ಕೆಳಗೆ ಅಗ್ಗ ಇಡೀತಿದ್ದೋನು ಅವನ ಭಾವಮೈದ ಕಣ್ ಸಾ. ಬ್ಯಾರೆಯೋರಿಗೆ ಕೊಡ್ತಿರ್ನಿಲ್ಲ. ತನ್ನಕ್ಕನ ಸಂಸಾರ ಉಳೀಬೇಕಲ್ಲ, ಆ ಭಯ ಅವನಿಗೆ. ಅಂಥ ಭಯ ಇದ್ದೋನು ಕಣ್ ಮುಚ್ಚಕಿಲ್ಲ."

ಆಮೇಲೆ ಕೈ ಚಾಚಿ, "ನೀವು ನನ್ನ ಭಾವಮೈದ ಅಲ್ಲ. ಅದ ಇತ್ತ ಕೊಡಿ" ಎಂದ.

ಕೊಟ್ಟೆ. ಅಂದಿನಿಂದ ಯಂತ್ರ ಕೂರಿಸುವವನ ಕೈಯಲ್ಲೇ ರಿಮೋಟು. ನನ್ನ ಸರದಿ ಬಂದಾಗ ನಾನೇ ಕೂರಿಸುತ್ತೇನೆ, ನಾನೇ ಕೈ ತೆಗೆಯುತ್ತೇನೆ, ನಾನೇ ಒತ್ತುತ್ತೇನೆ. ಮನೆದೇವರನ್ನು ಈಗಲೂ ನೆನೆಯುತ್ತೇನೆ, ಆದರೆ ಕಣ್ಣು ತೆರೆದಿರುತ್ತದೆ. ಹೂವಿನ ಮಾಲೆ ಈಗ ಗೋಡೆಯ ಮೇಲಿನ ದೇವರ ಪಟಕ್ಕೆ ಮಾತ್ರ.

ಈ ಕಥೆಯನ್ನು ಮಿರ್ಲೆಯಿಂದ ನಮ್ಮ ಮನೆಗೆ ಬಂದಿದ್ದ ನನ್ನ ಭಾವಮೈದನಿಗೆ ಬಹಳ ಭಾವುಕನಾಗಿ ಹೇಳಿದೆ. ನಮ್ಮಿಬ್ಬರ ನಂಟು ಎಂಥದೆಂದು ಅವನಿಗೂ ತಿಳಿಯಲಿ ಎಂದು ನನ್ನ ಆಸೆ. ಅವನು ಗಮನವಿಟ್ಟು ಕೇಳಿದ. ಮರುದಿನ ಹೆಂಚು ಸರಿಮಾಡಲು ಸೂರು ಹತ್ತುವಾಗ, ಪಕ್ಕದಲ್ಲೇ ನಿಂತಿದ್ದ ನನ್ನನ್ನು ದಾಟಿ ನೋಡಿ, ಏಣಿ ಹಿಡಿದುಕೊಳ್ಳಲು ಒಳಗಿದ್ದ ತನ್ನ ಅಕ್ಕನನ್ನು ಕರೆದ.