ಪುಸ್ತಕ ತಲೆಕೆಳಗು ಮಾಡಿದ ಅಕ್ಕೋರು

ಸಾಹೇಬರು ಕೊಟ್ಟ ಹೊಗಳಿಕೆಯನ್ನು ನಿಂತ ಕಾಲಲ್ಲೇ ವಾಪಸು ಕೊಟ್ಟ ಶಿಕ್ಷಕಿ ಇಡೀ ಕಾರವಾರ ತಾಲೂಕಿನಲ್ಲಿ ಒಬ್ಬಳೇ ಇರಬೇಕು. ಅವಳು ನನ್ನ ಸೋದರತ್ತೆ. ಮಕ್ಕಳಿಗೆ ಅಕ್ಕೋರು, ಹೆಡ್ ಮಾಸ್ತರರಿಗೆ ತಲೆನೋವು!

ಎರಡು ಸಾವಿರದ ಇಸವಿ ದಾಟಿದ ಹೊಸತು. ನಾನು ಶಿರವಾಡದಲ್ಲಿ ಅತ್ತೆಯ ಮನೆಯಲ್ಲಿದ್ದು ಕಾಲೇಜಿಗೆ ಹೋಗುತ್ತಿದ್ದೆ. ಅವಳ ಶಾಲೆ ಅಂಕೋಲಾ ದಾರಿಯಲ್ಲಿ, ಚೆಂಡಿಯಾ ಕಡೆಯಿಂದ ನೌಕಾನೆಲೆಗೆ ಜಾಗ ಬಿಟ್ಟು ಬಂದವರ ಕಾಲೊನಿಯಲ್ಲಿತ್ತು. ಸಂಜೆ ಬಂದು ಕಾಲು ತೊಳೆಯುವ ಮೊದಲೇ, ಇವತ್ತೂ ಯಾರಿಗೂ ಓದಲಿಕ್ಕೆ ಬರಲಿಲ್ಲ ಎಂಬ ವರದಿ ಒಪ್ಪಿಸುತ್ತಿದ್ದಳು. ಸಾರಿಗೆ ಉಪ್ಪು ಕಡಿಮೆಯಾದರೂ ಅದಕ್ಕೆ ಕಾರಣ ಅವಳು ಕಲಿಸುವ ಮೂರನೇ ಇಯತ್ತೆ!

ಮಕ್ಕಳದ್ದಾದರೂ ಏನು ತಪ್ಪು? ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಪುಸ್ತಕದ ಕನ್ನಡ. 'ಮೀನು' ಎಂದು ಅಚ್ಚಾದದ್ದನ್ನು ಚಿತ್ರ ನೋಡಿ ಸಲೀಸಾಗಿ 'ಬಾಂಗ್ಡೊ' ಎಂದು ಓದುತ್ತಿದ್ದವು. ಚಿತ್ರದಲ್ಲಿದ್ದದ್ದು ನಿಜಕ್ಕೂ ಬಂಗಡೆಯೇ ಎನ್ನುವುದು ಅತ್ತೆಯ ದುಃಖವನ್ನು ಇನ್ನಷ್ಟು ಹೆಚ್ಚಿಸಿತ್ತು. ಅಕ್ಷರವನ್ನೇ ನೋಡಲಿ ಎಂದು ಅವಳು ಚಿತ್ರಗಳ ಮೇಲೆಲ್ಲ ಹಳೆಯ ಕ್ಯಾಲೆಂಡರಿನ ತುಂಡು ಅಂಟಿಸಿದಳು. ಮರುದಿನ ಮಕ್ಕಳು ಓದು ಬಿಟ್ಟು ಕ್ಯಾಲೆಂಡರಿನ ದೇವರಿಗೆ ಕೈಮುಗಿದು ಕೂತವು.

ಹೀಗಿರುವಾಗ ತಪಾಸಣೆಗೆ ಸಾಹೇಬರು ಬಂದರು. ಹೆಡ್ ಮಾಸ್ತರರು ಜಾಣತನದಿಂದ ಶೇವಂತಿ ಎಂಬ ಹುಡುಗಿಯನ್ನು ಎಬ್ಬಿಸಿ ನಿಲ್ಲಿಸಿದರು. ಅವಳು ಇಡೀ ಪಾಠವನ್ನು ನೀರು ಕುಡಿದಂತೆ ಓದಿದಳು. ಸಾಹೇಬರು ಭೇಷ್ ಎಂದರು. ಅಷ್ಟಕ್ಕೆ ಸುಮ್ಮನಿರಬಾರದಿತ್ತೇ? ಅತ್ತೆ ನೇರ ಹೋಗಿ ಹುಡುಗಿಯ ಕೈಯಲ್ಲಿದ್ದ ಪುಸ್ತಕವನ್ನು ತಲೆಕೆಳಗು ಮಾಡಿ ಹಿಡಿಸಿದಳು. ಶೇವಂತಿ ಒಂದು ಅಕ್ಷರವೂ ತಪ್ಪದೆ, ನಗುನಗುತ್ತಾ, ಮುಂದಿನ ಪಾಠವನ್ನೂ ಓದಿ ಮುಗಿಸಿದಳು.

ಸಾಹೇಬರ ಮುಖ ಸಣ್ಣದಾಯಿತು. ಅವರು ಹೋದ ಮೇಲೆ ಹೆಡ್ ಮಾಸ್ತರರು ಅಳುವುದೊಂದು ಬಾಕಿ.

"ಎಂತಕ್ಕೆ ಹೀಗೆ ಮಾಡಿದ್ರಿ ಅಕ್ಕೋರೆ?"

"ಅವಳಿಗೆ ಓದಲಿಕ್ಕೆ ಬರೂದಿಲ್ಲ ಸರ್. ಬರೂದಿಲ್ಲ ಅಂತ ಯಾರಾದ್ರೂ ಒಬ್ರು ಹೇಳ್ಬೇಕಲ್ಲ."

ಮರುದಿನದಿಂದ ಶೇವಂತಿ ಶಾಲೆಗೆ ಬರಲಿಲ್ಲ. ನಾಚಿಕೆಯಾಗಿ ಬಿಟ್ಟಳೋ ಎಂದು ಅತ್ತೆಗೆ ಅನ್ನ ಸೇರದು. ಮನೆಗೇ ಹೋಗಿ ವಿಚಾರಿಸಿದಳು. ನಾಚಿಕೆಯೂ ಇಲ್ಲ, ಏನೂ ಇಲ್ಲ. ಅಪ್ಪ ಕೂಲಿಗೆ ಹೋಗುತ್ತಾನೆ, ಅಮ್ಮನಿಗೂ ಈಗ ಕೂಲಿ ಸಿಕ್ಕಿದೆ, ಚಿಕ್ಕ ತಮ್ಮನನ್ನು ನೋಡಿಕೊಳ್ಳುವವರು ಯಾರು? ಹಾಗಾದರೆ ಅವನನ್ನೂ ಕರೆದುಕೊಂಡು ಬಾ ಎಂದಳು ಅತ್ತೆ. ಅದು ಕಾಲೊನಿಯಲ್ಲೆಲ್ಲ ಸುದ್ದಿಯಾಗಿ, ಶಾಲೆಯ ಹುಡುಗಿಯರೆಲ್ಲ ಸೊಂಟದ ಮೇಲೊಂದು ಕೂಸು ಹೊತ್ತುಕೊಂಡೇ ಬಂದರು. ಕೂಸೊಂದು ಸೀಮೆಸುಣ್ಣ ತಿಂದಿತು, ಇನ್ನೊಂದು ಹಾಜರಿ ಕೂಗುವಾಗ ಎಲ್ಲರ ಹೆಸರಿಗೂ ತಾನೇ ಓಗೊಟ್ಟಿತು. ಇನ್ನು ತೊಟ್ಟಿಲು ಕಟ್ಟುವುದೊಂದು ಉಳಿದಿದೆ ಎಂದರು ಹೆಡ್ ಮಾಸ್ತರರು.

ಓದು? ಅದು ಮಾತ್ರ ಯಾರಿಗೂ ಬರಲಿಲ್ಲ. ಒಂದು ಸಂಜೆ ಅತ್ತೆ ಅಕ್ಕಿ ಆರಿಸುತ್ತಿದ್ದವಳು ಕೈ ನಿಲ್ಲಿಸಿ, "ಇಷ್ಟು ವರ್ಷ ನಾನು ಮಾಡಿದ್ದೆಂತದು?" ಎಂದು ಕೇಳಿದಳು.

ಆ ಮಳೆಗಾಲ ಮುಗಿಯುತ್ತಲೇ ಶೇವಂತಿಯ ಮನೆಯವರು ಕಟ್ಟಡದ ಕೆಲಸಕ್ಕೆಂದು ಗೋವೆಗೆ ಹೊರಟರು. ಅತ್ತೆ ನನ್ನನ್ನೂ ಎಳೆದುಕೊಂಡು ಅವರ ಮನೆಗೆ ಓಡಿದಳು. ಹುಡುಗಿ ನಮ್ಮಲ್ಲೇ ಇರಲಿ, ಊಟ, ಬಟ್ಟೆ, ಓದು ಎಲ್ಲ ನನ್ನದು ಎಂದು ಒಂದೇ ಉಸಿರಿಗೆ ಹೇಳಿದಳು. ಆ ತಾಯಿ ಸಿಟ್ಟಾಗಲಿಲ್ಲ. ಪಾತ್ರೆಗಳನ್ನು ಗೋಣಿಚೀಲಕ್ಕೆ ತುಂಬುತ್ತಲೇ ಹೇಳಿದಳು:

"ಜಾಗ ಬಿಟ್ಟು ಬಂದ್ವಿ ಅಕ್ಕೋರೆ. ಈಗ ಮಗಳನ್ನೂ ಬಿಟ್ಟು ಹೋಗ್ಬೇಕಾ?"

ಅತ್ತೆ ನನ್ನನ್ನು ಕರೆದುಕೊಂಡು ಶಿರವಾಡಕ್ಕೆ ವಾಪಸು ಬಂದಳು. ಮನೆಯ ಬಾಗಿಲು ತೆರೆಯುತ್ತಲೇ, ನಾಳೆ ಒಂದು ದಿನ ಹುಡುಗಿ ಶಾಲೆಗೆ ಬರುತ್ತಾಳೆ, ಅವಳ ಹೆಸರೊಂದನ್ನಾದರೂ ಓದಿಸಿಯೇ ಕಳಿಸುತ್ತೇನೆ ಎಂದಳು. ಆ ಹಟದ ಭರದಲ್ಲಿ ಮರುದಿನ ಕನ್ನಡಕವನ್ನೇ ಮನೆಯಲ್ಲಿ ಮರೆತು ಹೋದಳು.

ಮಧ್ಯಾಹ್ನ ನಾನು ಕನ್ನಡಕ ಕೊಡಲು ಹೋದೆ. ಸಂತೆಯಂತಿರಬೇಕಾದ ತರಗತಿಯಲ್ಲಿ ಉಸಿರಿನ ಸದ್ದೂ ಇಲ್ಲ. ಅತ್ತೆ ನೆಲದ ಮೇಲೆ ಕೂತಿದ್ದಳು. ತೊಡೆಯ ಮೇಲೆ ತಲೆಯಿಟ್ಟು ಶೇವಂತಿ ಗಾಢ ನಿದ್ದೆಯಲ್ಲಿದ್ದಳು, ಅವಳ ಪುಟ್ಟ ತಮ್ಮ, ಅತ್ತೆಯ ಹೆಗಲ ಮೇಲೆ. ದೊಡ್ಡ ಅಕ್ಷರದಲ್ಲಿ ಹೆಸರು ಬರೆದ ಪಾಟಿ ಪಕ್ಕದಲ್ಲಿ ಬಿದ್ದಿತ್ತು.

ಎಬ್ಬಿಸಲೇ ಎಂದು ಸನ್ನೆ ಮಾಡಿದೆ.

"ಬೇಡ," ಎಂದಳು ಅತ್ತೆ, ತುಟಿ ಅಲ್ಲಾಡಿಸದ ಹಾಗೆ. "ಗೋವೆಯಲ್ಲಿ ಮಲಗಲಿಕ್ಕೆ ಜಾಗ ಹೇಗಿದ್ಯೋ ಏನೋ."

ಶಾಲೆ ಬಿಡುವ ಹೊತ್ತಾದಾಗ, ಇವತ್ತೊಂದು ದಿನ ಗಂಟೆ ಹೊಡೆಯಬೇಡಿ ಎಂದು ಕೇಳಿಕೊಳ್ಳಲು ನನ್ನನ್ನು ಹೆಡ್ ಮಾಸ್ತರರ ಬಳಿಗೆ ಕಳಿಸಿದಳು. ಅವರು ನನ್ನ ಮುಖವನ್ನೊಮ್ಮೆ ನೋಡಿದರು. ಚಪ್ಪಲಿ ಕಳಚಿ ಬದಿಗಿಟ್ಟು, ಒಂದೊಂದೇ ಕೋಣೆಗೆ ಹೋಗಿ, ಬಾಯಿಗೆ ಬೆರಳಿಟ್ಟು ಮಕ್ಕಳನ್ನು ಮನೆಗೆ ಕಳಿಸಿದರು.