ನಾನು ಕಾಣದ ನನ್ನ ಮಚ್ಚೆ

ಬೆನ್ನು ನಮ್ಮದೇ ಎಂದು ನಾವು ಎಷ್ಟು ಹೇಳಿಕೊಂಡರೂ ಅದನ್ನು ಕಣ್ಣಾರೆ ಕಂಡವರು ಊರ ಮಂದಿ, ನಾವಲ್ಲ. ಬಸ್ಸಿನಲ್ಲಿ ಹಿಂದಿನ ಸೀಟಿನಲ್ಲಿ ಕೂತವರಿಗೆ, ಪಾಳಿಯಲ್ಲಿ ಹಿಂದೆ ನಿಂತವರಿಗೆ, ನಾನು ಬೋರ್ಡಿನ ಕಡೆ ತಿರುಗಿದ ಕೂಡಲೇ ಪಿಸುಮಾತು ಶುರು ಮಾಡುವ ಒಂಬತ್ತನೇ ತರಗತಿಯ ಮಕ್ಕಳಿಗೆ ನನ್ನ ಬೆನ್ನಿನ ಪರಿಚಯ ನನಗಿಂತ ಚೆನ್ನಾಗಿದೆ. ನನಗೋ, ತುರಿಸಿದಾಗ ಮಾತ್ರ ನೆನಪಾಗುವ, ಕೈ ಮುಟ್ಟದ ಜಾಗ ಅದು. ಹಾಗಾಗಿ ಕುತ್ತಿಗೆಯ ಕೆಳಗೆ, ರವಿಕೆಯ ಅಂಚಿಗಿಂತ ಸ್ವಲ್ಪ ಮೇಲೆ ನನಗೊಂದು ಮಚ್ಚೆ ಇದೆ ಎನ್ನುವುದನ್ನೂ ನಾನು ಬೇರೆಯವರ ಬಾಯಿಂದಲೇ ಕೇಳಿ ತಿಳಿಯಬೇಕಾಯಿತು.

ಮೊದಲು ಹೇಳಿದವರು ನಮ್ಮ ಅತ್ತೆ. ಕನ್ಯೆ ನೋಡಲು ಬಂದವರಿಗೆ ನಾನು ಬಗ್ಗಿ ಚಹಾ ಕೊಡುವಾಗ ಅವರ ಕಣ್ಣಿಗೆ ಅದು ಬಿತ್ತಂತೆ. "ಬೆನ್ನ ಮ್ಯಾಲ ಮಚ್ಚಿ ಇದ್ದ ಹುಡುಗಿ ಮನಿಗೆ ಬಂದ್ರ ಲಕ್ಷ್ಮಿ ಬಂದಂಗ" ಎಂದು ಅಲ್ಲೇ ಘೋಷಿಸಿಬಿಟ್ಟರು. ನನ್ನ ಬಿ.ಎಸ್ಸಿ., ಬಿ.ಎಡ್. ಪದವಿಗಳನ್ನು ಯಾರೂ ಕೇಳಲಿಲ್ಲ. ಮುಂದೆ ಇಳಕಲ್ಲಿನಲ್ಲಿ ನಮ್ಮವರ ಸೀರೆ ಅಂಗಡಿಗೆ ಮಾಳಿಗೆ ಎದ್ದದ್ದು, ಹಿತ್ತಲಿನ ಬೋರಿಗೆ ನೀರು ಬಿದ್ದದ್ದು, ಕಡೆಗೆ ಎಮ್ಮೆ ಹೆಣ್ಣುಕರು ಹಾಕಿದ್ದು ಎಲ್ಲವೂ ಆ ಮಚ್ಚೆಯ ಖಾತೆಗೇ ಜಮಾ ಆದವು. ನಾನು ಹುನಗುಂದದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ಮೂಢನಂಬಿಕೆಯ ಬಗ್ಗೆ ನಾನು ಪಾಠ ಮಾಡಿದರೆ ಮಕ್ಕಳು ನಿದ್ದೆ ಮಾಡುವುದಿಲ್ಲ, ಅಷ್ಟು ಜೋರು ನನ್ನ ದನಿ. ಆದರೂ ಮನೆಯಲ್ಲಿ ಈ ವಿಷಯಕ್ಕೆ ನಾನು ತಕರಾರು ತೆಗೆಯಲಿಲ್ಲ. ಸೊಸೆಯಂದಿರಿಗೆ ಸಿಗುವ ಹೊಗಳಿಕೆಯೇ ಕಡಿಮೆ. ಯಾವ ದಾರಿಯಿಂದ ಬಂದರೇನು!

ಹೀಗೆ ಸುಖವಾಗಿದ್ದಾಗ ಒಂದು ದಿನ ಶಾಲೆ ಮುಗಿಸಿ ಬಸ್ಸಿನಲ್ಲಿ ಬರುತ್ತಿದ್ದೆ. ಹಿಂದಿನ ಸೀಟಿನಲ್ಲಿ ನಮ್ಮ ಶಾಲೆಯ ಹಿಂದಿ ಟೀಚರ್ ನಸೀಮಾ ಕೂತಿದ್ದರು. ಮೆಲ್ಲಗೆ ಹೆಗಲು ತಟ್ಟಿದರು.

"ಸುಮಕ್ಕಾರ, ತಪ್ಪ ತಿಳೀಬ್ಯಾಡ್ರಿ. ನಿಮ್ಮ ಮಚ್ಚಿ ಮೊದಲ ಹಿಂಗಿರಲಿಲ್ಲಲ್ರಿ?"

"ಹೆಂಗ ಆಗೇತ್ರಿ?"

"ದೊಡ್ಡದಾದಂಗ ಕಾಣ್ತೈತಿ. ಒಮ್ಮೆ ತೋರಿಸಿಬಿಡ್ರಿ ಅಕ್ಕಾರ."

ಮನೆಗೆ ಬಂದು ಚಹಾ ಕೂಡ ಕುಡಿಯದೆ ಫೋನಿನಲ್ಲಿ ಹುಡುಕಿದೆ. ಫೋನು ಸಮಾಧಾನ ಹೇಳುವ ಜಾತಿಯದಲ್ಲ. ಮಚ್ಚೆ ಬೆಳೆಯಬಾರದು, ಅಂಚು ಅಂಕುಡೊಂಕು ಇರಬಾರದು, ಒಂದೇ ಮಚ್ಚೆಯಲ್ಲಿ ಎರಡು ಮೂರು ಬಣ್ಣ ಇರಬಾರದು, ತುರಿಸಬಾರದು, ರಕ್ತ ಬರಬಾರದು, ಇದ್ದರೆ ಡಾಕ್ಟರಿಗೆ ತೋರಿಸಿ ಎಂದಿತು. ಓದಿದ ಮರುಕ್ಷಣವೇ ಅಲ್ಲಿ ತುರಿಸತೊಡಗಿತು. ಬಚ್ಚಲಿನ ಕನ್ನಡಿಗೆ ಬೆನ್ನು ಕೊಟ್ಟು, ಕೈಯಲ್ಲೊಂದು ಕನ್ನಡಿ ಹಿಡಿದು ಕುತ್ತಿಗೆ ತಿರುಗಿಸಿದೆ. ಮಚ್ಚೆ ಕಾಣಲಿಲ್ಲ, ಕುತ್ತಿಗೆ ಹಿಡಿದುಕೊಂಡಿತು.

ಕೊನೆಗೆ ನಮ್ಮವರು ಅಂಗಡಿಯಿಂದ ಬಂದ ಮೇಲೆ ಅವರ ಮುಂದೆ ಬೆನ್ನು ಮಾಡಿ ಕೂತೆ. "ಖರೇ ಖರೇ ಹೇಳ್ರಿ, ಹೆಂಗೈತಿ?" ಎಂದೆ. ಅವರು ಕನ್ನಡಕ ಏರಿಸಿ, ಗಿರಾಕಿ ತಂದುಕೊಟ್ಟ ಹಳೇ ಸೀರೆ ಪರೀಕ್ಷಿಸುವ ಹಾಗೆ ಬಹಳ ಹೊತ್ತು ನೋಡಿದರು.

"ಒಡಲು ಕಾಫಿ ಬಣ್ಣ ಐತಿ. ದಡಿ ಕಪ್ಪು. ಆದ್ರ ಒಂದ್ ಕಡಿ ದಡಿ ನೆಟ್ಟಗಿಲ್ಲ ನೋಡು, ಬಣ್ಣ ಬಿಟ್ಟು ಒಡಲಿಗೆ ಇಳದಂಗ ಆಗೇತಿ."

"ನಾ ಏನ್ ಸೀರಿ ಅಂಚು ಕೇಳಾಕತ್ತೀನೇನ್ರಿ?"

"ನೀ ಹೆಂಗೈತಿ ಅಂತ ಕೇಳಿದಿ, ನಾ ಇದ್ದದ್ದ ಹೇಳಿದ್ನಿ" ಎಂದರು. ಆಮೇಲೆ ದನಿ ತಗ್ಗಿಸಿ, "ನಾಳೆ ಅಂಗಡಿ ಮುಚ್ಚಿ ಬಾಗಲಕೋಟಿಗೆ ಹೋಗೂಣು" ಎಂದರು. ವ್ಯಾಪಾರದ ದಿನ ಅಂಗಡಿ ಮುಚ್ಚುತ್ತೇನೆ ಎಂದು ಅವರು ತಾವಾಗಿ ಹೇಳಿದ್ದು ಅದೇ ಮೊದಲು. ನನಗೆ ನಿಜವಾದ ಹೆದರಿಕೆ ಹುಟ್ಟಿದ್ದು ಫೋನಿನಿಂದಲ್ಲ, ಆ ಮಾತಿನಿಂದ.

ಬಾಗಲಕೋಟೆಯ ಚರ್ಮದ ಡಾಕ್ಟರು ನಡುವಯಸ್ಸಿನ ಹೆಣ್ಣುಮಗಳು. ಬೆಳಕು ಬೀಳುವ ಒಂದು ಭೂತಗನ್ನಡಿಯನ್ನು ಬೆನ್ನಿಗೆ ಒತ್ತಿ ನೋಡುತ್ತ, "ಹಳೇ ಫೋಟೋ ಏನರ ಅದಾವೇನ್ರಿ? ಮೊದಲ ಹೆಂಗಿತ್ತಂತ ನೋಡಬೇಕಿತ್ತು" ಎಂದರು. ಇದೆಂಥ ಪ್ರಶ್ನೆ! ಜೀವನಪೂರ್ತಿ ಫೋಟೋಗೆ ಮುಖ ಕೊಟ್ಟು ನಿಂತವಳು ನಾನು. ಆದರೆ ನಮ್ಮವರು ಫೋನು ತಿರುವಿ ತಿರುವಿ ಒಂದು ಫೋಟೋ ಹುಡುಕಿದರು. ಕೆಲವು ವರ್ಷಗಳ ಹಿಂದೆ ಐಹೊಳೆಯಲ್ಲಿ ಅವರು ಗುಡಿಯ ಕಂಬದ ಫೋಟೋ ತೆಗೆಯುವಾಗ ನಾನು ಅಡ್ಡ ಬಂದಿದ್ದೆ. ಕಂಬಕ್ಕಿಂತ ನನ್ನ ಬೆನ್ನೇ ದೊಡ್ಡದಾಗಿ ಬಿದ್ದಿದೆ ಎಂದು ಆ ದಿನ ಜಗಳವೂ ಆಗಿತ್ತು. ಡಾಕ್ಟರು ಅದನ್ನು ಹಿಗ್ಗಿಸಿ ನೋಡಿದರು. ಆಗ ಸಾಸಿವೆ ಕಾಳಿನಷ್ಟಿದ್ದದ್ದು ಈಗ ಹುರುಳಿ ಕಾಳನ್ನು ಮೀರಿತ್ತು.

"ಅಂಚು ಸರಿ ಇಲ್ಲ. ಬಣ್ಣಾನೂ ಒಂದಾ ಇಲ್ಲ" ಎಂದರು ಡಾಕ್ಟರು.

"ನಾ ಹೇಳಿದ್ನಲ್ರಿ, ದಡಿ ಕೆಟ್ಟೇತಿ ಅಂತ!" ಎಂದು ನಮ್ಮವರು ಹುರುಪಿನಿಂದ ಎದ್ದೇ ನಿಂತರು. ನನ್ನ ಮುಖ ನೋಡಿದವರೇ ಮೆಲ್ಲಗೆ ಕೂತರು.

"ಗಾಬರಿ ಬ್ಯಾಡ್ರಿ. ಬದಲಾದ ಮಚ್ಚಿ ಎಲ್ಲಾ ಕೆಟ್ಟದ್ದ ಇರ್ತೈತಿ ಅಂತಿಲ್ಲ. ಆದ್ರ ಬರೇ ನೋಡಿ ಹೇಳಾಕ ಬರಂಗಿಲ್ಲ, ತಗದು ಪರೀಕ್ಷಾಕ್ಕ ಕಳಸೂಣು" ಎಂದರು ಡಾಕ್ಟರು.

ಇನ್ನು ಉಳಿದದ್ದು ಅತ್ತೆಗೆ ಹೇಳುವ ಕೆಲಸ. ನಮ್ಮವರು ಅಂಗಡಿಯ ನೆಪ ಹೇಳಿ ಬಾಗಿಲಲ್ಲಿ ಚಪ್ಪಲಿ ಹುಡುಕತೊಡಗಿದರು. ಅತ್ತೆ ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತ ಕೂತಿದ್ದರು. ವಿಷಯ ಕೇಳಿ ಮೊರ ಕೆಳಗಿಟ್ಟರು.

"ಮಚ್ಚಿ ತಗಸ್ತೀಯಾ? ಮನಿ ಲಕ್ಷ್ಮಿನ್ನ ಕೊಯ್ಯಾಕ ಕೊಡ್ತಾರೇನ ಯಾರಾದ್ರೂ?"

ನಾನು ಜೀವಕೋಶದಿಂದ ಶುರು ಮಾಡಿ ತಿಳಿಸಿ ಹೇಳಬೇಕೆಂದುಕೊಂಡಿದ್ದೆ. ತರಗತಿಯಲ್ಲಾದರೆ ಚಿತ್ರ ಬರೆದೇ ಹೇಳುತ್ತಿದ್ದೆ. ಆದರೆ ಬಾಯಿಂದ ಬಂದದ್ದು ಒಂದೇ ಮಾತು: "ಅತ್ತೀ, ನನಗ ಅಂಜಿಕಿ ಆಗೇತಿ." ಕಣ್ಣಲ್ಲಿ ನೀರೂ ಬಂತು.

ಅತ್ತೆ ಸೆರಗಿನಿಂದ ಕೈ ಒರೆಸಿಕೊಂಡು ಎದ್ದರು. "ತಗಸಿಬಿಡು. ಅಂಗಡಿ ಮುಚ್ಚಿದ್ರ ಮುಚ್ಚಲಿ, ಎಮ್ಮಿ ಹಾಲು ಬತ್ತಿದ್ರ ಬತ್ತಲಿ. ನೀ ಇಲ್ಲದ ನನ್ನ ಮಗನ್ನ ಸಂಭಾಳಸಾವ್ರು ಯಾರು? ನನ್ನ ಕೈಲೆ ಆಗೂದಿಲ್ಲವ್ವಾ!" ಎಂದರು. ಅಳುತ್ತಿದ್ದವಳು ನಕ್ಕುಬಿಟ್ಟೆ. ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುತ್ತಿದ್ದವರು ಮಾತ್ರ ನಗಲಿಲ್ಲ.

ತೆಗೆಯುವ ದಿನ ಅತ್ತೆಯೂ ಜೊತೆಗೆ ಬಂದರು. ಮರಗಟ್ಟಿಸುವ ಸೂಜಿ ಚುಚ್ಚಿ, ತೆಗೆದು, ಹೊಲಿಗೆ ಹಾಕಿ ಕಳಿಸಿದರು. ಊಟದ ಹೊತ್ತಿಗೆ ಖಾನಾವಳಿಯಲ್ಲಿ ರೊಟ್ಟಿ ತಿನ್ನುತ್ತಿದ್ದೆವು. ಕಷ್ಟವಾದದ್ದು ವರದಿಯ ಹಾದಿ ಕಾಯುವುದು. ಶಾಲೆಯಲ್ಲಿ ಹೃದಯದ ಚಿತ್ರ ಬರೆಯಲು ಹೋಗಿ ಮೂತ್ರಪಿಂಡ ಬರೆದೆ. ಮನೆಯಲ್ಲಿ ಕಪಾಟು ತೆರೆದು, ಯಾವ ಸೀರೆ ತಂಗಿಗೆ, ಯಾವುದು ನಸೀಮಾಗೆ ಎಂದು ಮನಸ್ಸಿನಲ್ಲೇ ಹಂಚತೊಡಗಿದೆ. ನಾದಿನಿಗೆ ಯಾವುದನ್ನು ಕೊಡಲೂ ಮನಸ್ಸು ಬರಲಿಲ್ಲ. ಅದರಿಂದ ನನಗೆ ಇನ್ನೂ ಬದುಕುವ ಆಸೆ ಗಟ್ಟಿಯಾಗಿದೆ ಎಂದು ತಿಳಿಯಿತು.

ವರದಿ ಬಂತು. "ಕ್ಯಾನ್ಸರ್ ಅಲ್ರಿ" ಎಂದು ಡಾಕ್ಟರು ಮೊದಲೇ ಹೇಳಿಬಿಟ್ಟರು, ಪುಣ್ಯ ಬರಲಿ ಅವರಿಗೆ. ಕೆಲವು ಜೀವಕೋಶಗಳು ಇರಬೇಕಾದ ಹಾಗೆ ಇರಲಿಲ್ಲವಂತೆ, ಆದರೆ ಪೂರ್ತಿ ತೆಗೆದಾಗಿದೆಯಂತೆ. "ಬಂದದ್ದು ಚಲೋ ಆತು. ವರ್ಷಕ್ಕೊಮ್ಮೆ ಬಂದು ತೋರಿಸ್ರಿ. ಉಳಿದ ಮಚ್ಚಿಗಳ ಮ್ಯಾಲೂ ಒಂದ್ ಕಣ್ಣಿರಲಿ" ಎಂದರು. ಹೊರಗೆ ಬಂದು ನಮ್ಮವರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿ ಮತ್ತೆ ತೆಗೆದು ಒರೆಸಿದರು. ನಾನು ನೋಡದವಳ ಹಾಗೆ ನಿಂತೆ.

ಬರುವಾಗ ಬಸ್ಸು ತುಂಬಿತ್ತು. ನಮ್ಮವರಿಗೆ ಎಲ್ಲೋ ಹಿಂದೆ ಸೀಟು ಸಿಕ್ಕಿತು. ನನ್ನ ಪಕ್ಕದಲ್ಲಿ ಒಬ್ಬ ಚಿಕ್ಕ ವಯಸ್ಸಿನ ತಾಯಿ ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕೂತಿದ್ದಳು. ಕೂಸಿನ ಗಲ್ಲದ ಮೇಲೆ ದೊಡ್ಡ ಕಪ್ಪು ಮಚ್ಚೆ. ಅಂಚು ಅಂಕುಡೊಂಕು, ಒಂದು ಕಡೆ ಬಣ್ಣ ತೆಳುವಾಗಿದೆ! ಸುಮ್ಮನಿರಲು ಆಗಲಿಲ್ಲ. ಶುರು ಮಾಡಿಬಿಟ್ಟೆ. ಬೆಳವಣಿಗೆ, ಅಂಚು, ಬಣ್ಣ ಎಲ್ಲವನ್ನೂ ಬಿಡಿಸಿ ಬಿಡಿಸಿ ಹೇಳಿದೆ. ಸುತ್ತಲಿನ ಸೀಟಿನವರೂ ಮಾತು ನಿಲ್ಲಿಸಿ ಕೇಳತೊಡಗಿದರು. "ಅಂಜಬ್ಯಾಡವ್ವಾ, ಆದ್ರ ತಡಾನೂ ಮಾಡಬ್ಯಾಡ. ಬಾಗಲಕೋಟ್ಯಾಗ ಚಲೋ ಡಾಕ್ಟರು ಅದಾರ" ಎಂದು ಮುಗಿಸಿದೆ.

ಆ ತಾಯಿ ನನ್ನನ್ನೇ ಪಿಳಿಪಿಳಿ ನೋಡಿದಳು. ಆಮೇಲೆ ಸೆರಗಿನ ತುದಿಯನ್ನು ನಾಲಿಗೆಗೆ ಮುಟ್ಟಿಸಿ, ಕೂಸಿನ ಗಲ್ಲವನ್ನು ಒಮ್ಮೆ ಗಟ್ಟಿಯಾಗಿ ಒರೆಸಿದಳು. ಮಚ್ಚೆ ಪೂರ್ತಿ ಸೆರಗಿಗೆ ಬಂತು.

"ದೃಷ್ಟಿ ಆಗಬಾರ್ದಂತ ಕಾಡಿಗಿ ಹಚ್ಚಿದ್ನಿರಿ" ಎಂದಳು. ಮತ್ತೆ ಬಹಳ ಮರುಕದಿಂದ ನನ್ನ ಮುಖ ನೋಡಿ ಕೇಳಿದಳು: "ಈಗ ಆರಾಮ ಅನಿಸ್ತೇನ್ರಿ ಅಕ್ಕಾರ ನಿಮಗ?"

ಹಿಂದಿನ ಸೀಟುಗಳಿಂದ ಬಂದ ನಗೆಯಲ್ಲಿ ಒಂದು ದನಿ ನಮ್ಮವರದೇ ಎಂದು ಗುರುತು ಸಿಕ್ಕಿತು. ನಾನು ಕಿಟಕಿಯ ಕಡೆ ಮುಖ ತಿರುಗಿಸಿ, "ಹೂಂನವ್ವಾ, ಭಾಳ ಆರಾಮ ಅನಿಸ್ತು" ಎಂದೆ.